ಹಳೆಯ ಔಟ್‌ಬೋರ್ಡ್ ಮೀನುದೋಣಿ: ದುಡ್ಡು ಕೊಡುವ ಮೊದಲು ಏನೇನು ಬಿಚ್ಚಿ ನೋಡಬೇಕು?

ನೀರಂಚು:

ನಮಸ್ಕಾರ. 19 ಅಡಿಯ ಫೈಬರ್ ದೋಣಿಯೊಂದು ಮಾರಾಟಕ್ಕಿದೆ. ಹಿಂಬದಿಯಲ್ಲಿ 40 ಎಚ್‌ಪಿ ಔಟ್‌ಬೋರ್ಡ್ (ದೋಣಿಗೆ ಹೊರಗಿನಿಂದ ತಗುಲಿಸುವ ಎಂಜಿನ್), ಮೂರು ಸಿಲಿಂಡರ್, ಟೂ ಸ್ಟ್ರೋಕ್, ಕಾರ್ಬುರೇಟರ್ ಇರುವಂಥದ್ದು. ದೋಣಿಗೆ 12 ವರ್ಷ, ಎಂಜಿನ್‌ಗೆ 9 ವರ್ಷ ಅನ್ನುತ್ತಾರೆ. ಓಡಿದ್ದೆಲ್ಲ ಉಪ್ಪುನೀರಿನಲ್ಲಿ. ಹೊರಮೈಗೆ ಹೊಸ ಬಣ್ಣ ಬಳಿದಿದ್ದಾರೆ. ನಡುವೆ ಮೀನು ಹಾಕುವ ಪೆಟ್ಟಿಗೆ, ಅದರ ಸುತ್ತ ಫೋಮ್ ತುಂಬಿದ ತಳ. "ಎಂಜಿನ್ ಹೋದ ವರ್ಷ ಫುಲ್ ಓವರ್‌ಹಾಲ್ ಆಗಿದೆ, ಏನೂ ನೋಡುವುದು ಬೇಡ" ಎಂಬುದು ಮಾರುವವರ ಮಾತು.

ದೋಣಿ ಸದ್ಯ ದಡದ ಮೇಲಿದೆ. ಒಂದು ಬೆಳಗ್ಗೆ ಪೂರ್ತಿ ನೋಡಲು ಬಿಡುತ್ತಾರೆ, ಆಮೇಲೆ ನೀರಿಗಿಳಿಸಿ ಓಡಿಸಲೂ ಒಪ್ಪಿದ್ದಾರೆ. ನನ್ನ ಹತ್ತಿರ ಪ್ಲಗ್ ಸ್ಪ್ಯಾನರ್, ಕಂಪ್ರೆಷನ್ ಗೇಜ್, ಮಲ್ಟಿಮೀಟರ್, ಟಾರ್ಚ್ ಇವೆ. ಯಾವುದನ್ನು ಮೊದಲು ನೋಡಬೇಕು, ಯಾವುದು ಕಂಡರೆ ಅಲ್ಲಿಗೇ ಬಿಟ್ಟು ಎದ್ದು ಬರಬೇಕು, ಯಾವುದನ್ನು ರಿಪೇರಿ ಲೆಕ್ಕಕ್ಕೆ ಹಾಕಿ ಬೆಲೆ ಇಳಿಸಬಹುದು? ತಿಳಿದವರು ವಿವರವಾಗಿ ಬರೆದರೆ ಉಪಕಾರ.

ರೆಸಿನ್‌ಕೈ:

ಎಲ್ಲರೂ ಮೊದಲು ಎಂಜಿನ್ ಮುಚ್ಚಳ ತೆಗೆಯುತ್ತಾರೆ. ನೀವು ಟ್ರಾನ್ಸಮ್‌ನಿಂದ, ಅಂದರೆ ದೋಣಿಯ ಹಿಂದಿನ ಗೋಡೆಯಿಂದ, ಶುರು ಮಾಡಿ. ಎಂಜಿನ್ ಕೆಟ್ಟರೆ ಬಿಚ್ಚಿಟ್ಟು ಬೇರೆ ಕೂರಿಸಬಹುದು. ಅದನ್ನು ಹೊತ್ತ ಹಿಂದಿನ ಗೋಡೆಯೇ ಕೊಳೆತಿದ್ದರೆ ಹೊಸ ಎಂಜಿನ್ ತಂದರೂ ಕೂರಿಸಲು ಜಾಗವಿಲ್ಲ.

ಆ ಕಾಲದ ಹೆಚ್ಚಿನ ಫೈಬರ್ ದೋಣಿಗಳ ಟ್ರಾನ್ಸಮ್ ಎಂದರೆ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್. ಒಟ್ಟು ದಪ್ಪ ಒಂದೂವರೆಯಿಂದ ಎರಡು ಇಂಚು. ಎಂಜಿನ್ ಬೋಲ್ಟ್, ನೀರು ಬಿಡುವ ತೂತು, ಫಿಶ್‌ಫೈಂಡರಿನ (ಮೀನು ಪತ್ತೆಹಚ್ಚುವ ಸಾಧನ) ಸ್ಕ್ರೂ, ಹೀಗೆ ಕೊರೆದ ಕಡೆಯಲ್ಲೆಲ್ಲ ಸೀಲಂಟ್ ಒಣಗಿ ಬಿರಿದರೆ ನೀರು ಪ್ಲೈವುಡ್‌ಗೆ ಇಳಿಯುತ್ತದೆ. ಹೊರಗಿನ ಫೈಬರ್ ನೆಟ್ಟಗೇ ಇರುತ್ತದೆ, ಒಳಗಿನ ಮರ ನೆನೆದು ಪುಡಿಯಾಗುತ್ತಾ ಹೋಗುತ್ತದೆ. ಹೊಸ ಬಣ್ಣದ ಮೇಲಿಂದ ನೋಡಿದರೆ ಇದರ ಸುಳಿವೂ ಸಿಗದು.

ಪ್ಲಾಸ್ಟಿಕ್ ಸುತ್ತಿಗೆ ಅಥವಾ ಸ್ಕ್ರೂಡ್ರೈವರಿನ ಹಿಡಿ ತೆಗೆದುಕೊಂಡು ಎರಡೆರಡು ಇಂಚಿಗೆ ಒಂದು ಸಲ ತಟ್ಟುತ್ತಾ ಬನ್ನಿ. ಮೇಲಿನ ಅಂಚಿನಿಂದ ಶುರುಮಾಡಿ, ಎಂಜಿನ್ನಿನ ಎರಡೂ ಬದಿ, ಕೊನೆಗೆ ಕೆಳಗಿನ ಮೂಲೆಗಳು. ಗಟ್ಟಿ ಇದ್ದಲ್ಲಿ ಸದ್ದು ಚುರುಕಾಗಿ "ಟಕ್" ಅನ್ನುತ್ತದೆ. ನೆನೆದಲ್ಲಿ ಅಥವಾ ಪದರ ಬಿಟ್ಟಲ್ಲಿ "ದಬ್" ಅನ್ನುತ್ತದೆ. ಸದ್ದು ಬದಲಾದ ಜಾಗಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಾ ಹೋದರೆ ಕೊಳೆತ ಭಾಗದ ನಕ್ಷೆಯೇ ಸಿಗುತ್ತದೆ. ಸಾಮಾನ್ಯವಾಗಿ ನೀರು ಬಿಡುವ ತೂತಿನ ಸುತ್ತ ಮತ್ತು ಎಂಜಿನ್ನಿನ ಕೆಳಸಾಲಿನ ಬೋಲ್ಟ್‌ಗಳ ಕೆಳಗೆ ಮೊದಲು ಕೆಡುತ್ತದೆ.

ಆಮೇಲೆ ಅಲುಗಾಟ. ಎಂಜಿನ್ ಓಡುವ ಭಂಗಿಯಲ್ಲಿರಲಿ, ಪೂರ್ತಿ ಎತ್ತಿಟ್ಟುಕೊಳ್ಳಬೇಡಿ. ಒಬ್ಬರು ಗೇರ್ ಬಾಕ್ಸ್ ಹಿಡಿದು ಮೇಲೆ ಕೆಳಗೆ ಜೋರಾಗಿ ಒತ್ತಲಿ. ಇನ್ನೊಬ್ಬರು ಟ್ರಾನ್ಸಮ್ಮಿನ ಮೇಲಂಚಿಗೆ ಕಣ್ಣಿಟ್ಟು ನೋಡಲಿ. ಎಂಜಿನ್ ಅದರ ಬ್ರಾಕೆಟ್‌ನಲ್ಲಿ ರಬ್ಬರಿನ ಮೇಲೆ ಸ್ವಲ್ಪ ಆಡುವುದು ಸಹಜ. ಗೋಡೆಯೇ ಬಾಗಿ ಬಾಗಿ ಬಂದರೆ, ಅಥವಾ ಬೋಲ್ಟಿನ ಸುತ್ತ ಹನಿ ಒಸರಿದರೆ ಮುಂದೆ ನೋಡುವ ಅಗತ್ಯವೇ ಕಡಿಮೆ. 40 ಎಚ್‌ಪಿ ಟೂ ಸ್ಟ್ರೋಕ್ ಸುಮಾರು 70ರಿಂದ 80 ಕೆಜಿ ಇರುತ್ತದೆ, ಫೋರ್ ಸ್ಟ್ರೋಕ್ ಆದರೆ 100 ಕೆಜಿ ಆಸುಪಾಸು. ಅಲೆ ಹಾರಿ ಬಿದ್ದಾಗ ಆ ಭಾರ ಹಲವು ಪಟ್ಟಾಗಿ ಎಳೆಯುತ್ತದೆ. ಬೋಲ್ಟಿನ ವಾಷರ್ ಫೈಬರ್ ಒಳಗೆ ಇಳಿದು ಕೂತಿದೆಯೇ ನೋಡಿ. ಇಳಿದಿದ್ದರೆ ಒಳಗಿನ ಮರ ಮೆತ್ತಗಾಗಿದೆ ಎಂದೇ ಅರ್ಥ.

ಅನುಮಾನ ಉಳಿದರೆ ಮಾರುವವರ ಒಪ್ಪಿಗೆ ಕೇಳಿ, ನೀರಿನ ಮಟ್ಟದ ಕೆಳಗಿರುವ ಒಂದು ಸಣ್ಣ ಸ್ಕ್ರೂ ಬಿಚ್ಚಿಸಿ. ಅದರ ಎಳೆಗಳಿಗೆ ಒಣ ಮರದ ಹೊಟ್ಟು ಅಂಟಿ ಬಂದರೆ ಒಳ್ಳೆಯದು. ಕಂದು ನೀರು, ಹುಳಿ ವಾಸನೆ, ಕಪ್ಪು ಪುಡಿ ಬಂದರೆ ತೀರ್ಪು ಅಲ್ಲೇ ಆಯಿತು. ಸ್ಕ್ರೂ ಹಿಡಿತವಿಲ್ಲದೆ ಸುಮ್ಮನೆ ತಿರುಗುತ್ತಿದ್ದರೂ ಅದೇ ಮಾತು.

ಇನ್ನು ಒಡಲು. ಜೆಲ್‌ಕೋಟ್ (ಫೈಬರಿನ ಹೊರಗಿನ ನುಣುಪು ಪದರ) ಮೇಲೆ ಜೇಡರ ಬಲೆಯಂತೆ ಸಣ್ಣ ಬಿರುಕು ಇದ್ದರೆ ಹೆದರಬೇಡಿ, ಆದರೆ ಎಲ್ಲಿದೆ ಎಂದು ನೋಡಿ. ಹಿಡಿಕೆ, ಕಂಬದ ಬುಡದಲ್ಲಿದ್ದರೆ ಆ ಜಾಗಕ್ಕೆ ಬಲ ಬಿದ್ದಿದೆ ಅಷ್ಟೆ. ಟ್ರಾನ್ಸಮ್ ಮತ್ತು ಬದಿ ಸೇರುವ ಮೂಲೆಯಲ್ಲಿ, ಅಥವಾ ತಳದ ಅಡ್ಡಕ್ಕೆ ಉದ್ದ ಗೆರೆಯಾಗಿ ಇದ್ದರೆ ಅದು ಒಡಲೇ ಬಾಗುತ್ತಿರುವ ಗುರುತು. ಬಿರುಕಿನ ಎರಡೂ ಕಡೆ ಹೆಬ್ಬೆರಳಿನಿಂದ ಒತ್ತಿ, ಅಂಚುಗಳು ಒಂದರ ಮೇಲೊಂದು ಆಡಿದರೆ ಒಳಗಿನ ಮ್ಯಾಟ್ (ಫೈಬರ್ ಎಳೆಗಳ ಹಾಸು) ತುಂಡಾಗಿದೆ. ಮರಳಿನ ಮೇಲೆ ಎಳೆದು ಎಳೆದು ಅಡಿಯ ನಡುಗೆರೆ ಸವೆದಿರುತ್ತದೆ. ಅಲ್ಲಿ ಫೈಬರ್ ಎಳೆಗಳು ಕಾಣುತ್ತಿದ್ದರೆ ನೀರು ಪದರದೊಳಗೆ ಹತ್ತುತ್ತಿದೆ. ಅದನ್ನು ಸರಿಮಾಡಬಹುದು, ಬೆಲೆಯಲ್ಲಿ ಮಾತಾಡಿ. ಬಣ್ಣ ಹೊಸದು ಅಂದಿರಿ, ಹಾಗಾಗಿ ಬೆಳಕು ಓರೆಯಾಗಿ ಬೀಳುವಂತೆ ಟಾರ್ಚ್ ಹಿಡಿದು ಬದಿಯುದ್ದಕ್ಕೂ ನೋಡಿ. ತೇಪೆ ಹಾಕಿದ ಜಾಗ ಅಲೆಯಲೆಯಾಗಿ ಕಾಣುತ್ತದೆ. ಹೊರಗೆ ತೇಪೆ ಕಂಡಲ್ಲೆಲ್ಲ ಒಳಗಡೆಯಿಂದಲೂ ಅದೇ ಜಾಗಕ್ಕೆ ಕೈ ಹಾಕಿ. ಒಳಗಿಂದ ಮ್ಯಾಟ್ ಹಾಕದೆ ಹೊರಗೆ ಪುಟ್ಟಿ ಮಾತ್ರ ಮೆತ್ತಿದ್ದರೆ ಅದು ದುರಸ್ತಿಯಲ್ಲ.

ಫೋಮ್ ತುಂಬಿದ ತಳ ಎಂದಿರಿ, ಅದು ನನಗೆ ಟ್ರಾನ್ಸಮ್‌ನಷ್ಟೇ ಚಿಂತೆಯ ವಿಷಯ. ಮೀನು ಪೆಟ್ಟಿಗೆಯ ಅಂಚಿನಿಂದ, ನೆಲದ ಸ್ಕ್ರೂಗಳಿಂದ ಇಳಿದ ನೀರು ಫೋಮ್‌ನಲ್ಲಿ ಕೂತರೆ ಹೊರಬರುವ ದಾರಿಯೇ ಇಲ್ಲ. 100 ಲೀಟರ್ ಕೂತರೆ 100 ಕೆಜಿ, ಇಬ್ಬರು ಸದಾ ದೋಣಿಯಲ್ಲಿ ಮಲಗಿದ್ದಂತೆ. ಬರಿಗಾಲಿನಲ್ಲಿ ನೆಲದ ಮೇಲೆ ಹಿಮ್ಮಡಿ ಊರಿ ನಡೆಯಿರಿ, ಮೆತ್ತಗೆ ತಗ್ಗುವ ಜಾಗ ಗುರುತು ಹಾಕಿ. ಟ್ರೇಲರ್ ಮೇಲಿದ್ದರೆ ತೂಕದ ಕಟ್ಟೆಗೆ ಒಯ್ದು, ಟ್ರೇಲರ್, ಎಂಜಿನ್, ಪೆಟ್ರೋಲಿನ ಭಾರ ಕಳೆದು ತಯಾರಕರು ಹೇಳಿದ ತೂಕದೊಂದಿಗೆ ಹೋಲಿಸಿ. ಇದಕ್ಕಿಂತ ನೇರ ಪರೀಕ್ಷೆ ಇನ್ನೊಂದಿಲ್ಲ.

ಗೇರೆಣ್ಣೆ:

ರೆಸಿನ್‌ಕೈ ಹೇಳಿದ ಕ್ರಮ ಸರಿ, ಆದರೆ ಒಂದು ಕೆಲಸ ಎಲ್ಲಕ್ಕಿಂತ ಮೊದಲು: ಹೋದ ಕೂಡಲೇ ಎಂಜಿನ್ನಿನ ಮುಚ್ಚಳ ತೆಗೆದು ಸಿಲಿಂಡರ್ ಹೆಡ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಯಾರೋ ಓಡಿಸಿಟ್ಟಿದ್ದಾರೆ. ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ ಎಂಬುದೇ ಅರ್ಧ ಉತ್ತರ. "ತಣ್ಣಗಾದ ಮೇಲೆ ಬರುತ್ತೇನೆ" ಎಂದು ಹೇಳಿ ಎರಡು ಗಂಟೆ ಕಾಯಿರಿ.

"ಫುಲ್ ಓವರ್‌ಹಾಲ್" ಎಂಬ ಮಾತನ್ನು ಬೋಲ್ಟ್‌ಗಳ ಹತ್ತಿರ ಕೇಳಿ. ಹೆಡ್ ಬೋಲ್ಟ್‌ಗಳ ತಲೆಯ ಮೇಲೆ ಕಾರ್ಖಾನೆಯ ಬಣ್ಣ ಮುರಿಯದೆ ಇದ್ದರೆ ಆ ಎಂಜಿನ್ ಬಿಚ್ಚಿಯೇ ಇಲ್ಲ. ಮುರಿದಿದ್ದರೆ ಏಕೆ ಬಿಚ್ಚಿದರು, ಯಾವ ಪಿಸ್ಟನ್ ಹಾಕಿದರು, ಬೋರ್ ಮಾಡಿಸಿದರೋ ಇಲ್ಲವೋ ಎಂಬುದಕ್ಕೆ ಬಿಲ್ ಕೇಳಿ. ಹೆಡ್ ಸುತ್ತ ಬಣ್ಣ ಕಂದಿದ್ದರೆ, ಗುಳ್ಳೆ ಎದ್ದಿದ್ದರೆ ಒಮ್ಮೆ ವಿಪರೀತ ಕಾದಿದೆ. ಫ್ಲೈವೀಲ್ ಕೆಳಗೆ, ವೈರಿಂಗ್ ಪೆಟ್ಟಿಗೆಯ ಮೂಲೆಗಳಲ್ಲಿ ಸಣ್ಣ ಮರಳು, ಕೆಸರು ಕಂಡರೆ ಎಂಜಿನ್ ಮುಳುಗೆದ್ದು ಬಂದದ್ದು. ಉಪ್ಪುನೀರಿನಲ್ಲಿ ಮುಳುಗಿದ ಎಂಜಿನ್‌ನ ಬೇರಿಂಗ್‌ಗಳಿಗೆ ತುಕ್ಕು ಹಿಡಿದಿರುತ್ತದೆ, ಅದು ಯಾವ ದಿನ ಕಚ್ಚಿ ನಿಲ್ಲುತ್ತದೆಂದು ಹೇಳಲಾಗದು.

ಗೇರ್ ಬಾಕ್ಸ್ ಎಣ್ಣೆ. ಎಂಜಿನ್ ನೆಟ್ಟಗೆ ನಿಂತು ರಾತ್ರಿಯಿಡೀ ಅಲುಗದೆ ಇದ್ದರೆ ಒಳ್ಳೆಯದು. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೇಲಿನ ಸ್ಕ್ರೂ ಮುಟ್ಟದೆ ಕೆಳಗಿನದನ್ನು ಮಾತ್ರ ಸಡಿಲಿಸಿ, ಮೊದಲ ನಾಲ್ಕು ಹನಿ ಬಿಳಿ ಕಾಗದದ ಮೇಲೆ ಹಿಡಿಯಿರಿ. ಮೊದಲು ನೀರು ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಸೀಲ್ ಹೋಗಿದೆ. ಎಣ್ಣೆ ತೀರಾ ಹೊಸದಾಗಿ ಹೊಳೆಯುತ್ತಿದ್ದರೆ ನಿನ್ನೆ ಬದಲಿಸಿದ್ದಿರಬಹುದು, ಆಗ ನೀರಿನಲ್ಲಿ ಓಡಿಸಿ ಬಂದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಅಯಸ್ಕಾಂತದ ಸ್ಕ್ರೂ ಇದ್ದರೆ ಅದಕ್ಕೆ ಅಂಟಿದ ಬೂದು ಲೇಪ ಮಾಮೂಲು. ಬೆರಳಿಗೆ ಚುಚ್ಚುವ ಚೂರುಗಳು ಬಂದರೆ ಗೇರ್ ಹಲ್ಲು ಮುರಿಯುತ್ತಿದೆ. ಸೀಲ್ ಹೋಗಲು ಮೀನುಗಾರಿಕೆಯಲ್ಲಿ ದೊಡ್ಡ ಕಾರಣ ಗಾಳದ ದಾರ ಮತ್ತು ಬಲೆಯ ನೂಲು: ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ಯುತ್ತದೆ. ಹಾಗಾಗಿ ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿನ ಬುಡ ನೋಡಿ. ಎಣ್ಣೆ ಮರಳಿ ತುಂಬುವಾಗ ಕೆಳಗಿನ ತೂತಿನಿಂದಲೇ ಒತ್ತಿ, ಮೇಲಿನಿಂದ ಉಕ್ಕಿ ಬಂದ ಮೇಲೆ ಮೇಲಿನ ಸ್ಕ್ರೂ ಮೊದಲು ಹಾಕಿ, ಆಮೇಲೆ ಕೆಳಗಿನದು. ವಾಷರ್ ಹೊಸದು ಇರಲಿ.

ಪ್ರೊಪೆಲ್ಲರ್ ತೆಗೆದಿರುವಾಗಲೇ ಎಂಜಿನ್ ನ್ಯೂಟ್ರಲ್‌ನಲ್ಲಿ, ಪ್ಲಗ್ ತಂತಿಗಳು ಕಳಚಿರುವಂತೆ, ಶಾಫ್ಟ್ ಕೈಯಿಂದ ತಿರುಗಿಸಿ. ಪಕ್ಕದಲ್ಲಿ ಒಂದು ತಂತಿ ನಿಲ್ಲಿಸಿಕೊಂಡು ನೋಡಿದರೆ ಶಾಫ್ಟ್ ಬಾಗಿದ್ದು ಕೂದಲೆಳೆಯಷ್ಟಾದರೂ ಗೊತ್ತಾಗುತ್ತದೆ. ಕೆಳಗಿನ ಸ್ಕೆಗ್ (ಗೇರ್ ಬಾಕ್ಸಿನ ಅಡಿಯ ರೆಕ್ಕೆ) ತುಂಡಾಗಿದ್ದರೆ ಅಥವಾ ಬೆಸುಗೆ ಹಾಕಿದ್ದರೆ ಬಂಡೆಗೆ ಹೊಡೆದ ಎಂಜಿನ್, ಶಾಫ್ಟ್ ಇನ್ನೂ ಗಮನವಿಟ್ಟು ನೋಡಿ.

ಕಂಪ್ರೆಷನ್. ಎಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗಾಗಿಸಿ, ನೀರಿನ ಡ್ರಮ್‌ನಲ್ಲಿ ಅಥವಾ ಎಂಜಿನ್ ನೀರು ಹೀರುವ ಕಿಂಡಿಗಳಿಗೆ ಪೈಪಿನ ರಬ್ಬರ್ ಕಪ್‌ಗಳನ್ನು ಹಾಕಿಯೇ. ಒಣಗಿದ್ದಾಗ ಕೆಲವೇ ಸೆಕೆಂಡ್ ಓಡಿಸಿದರೂ ಪಂಪಿನ ರಬ್ಬರ್ ಇಂಪೆಲ್ಲರ್ ಸುಡುತ್ತದೆ. ಆಮೇಲೆ ಮೂರೂ ಪ್ಲಗ್ ತೆಗೆಯಿರಿ, ಒಂದನ್ನೇ ತೆಗೆದು ಅಳೆದರೆ ತಪ್ಪು. ಪ್ಲಗ್ ತಂತಿಗಳನ್ನು ಎಂಜಿನ್ ಮೈಗೆ ಅರ್ಥ್ ಮಾಡಿ, ಕಿಲ್ ಸ್ವಿಚ್ಚಿನ (ಎಳೆದರೆ ಎಂಜಿನ್ ನಿಲ್ಲಿಸುವ ಸುರಕ್ಷಾ ಸ್ವಿಚ್) ಹಗ್ಗ ಕಿತ್ತಿಡಿ. ಇಲ್ಲದಿದ್ದರೆ ಪ್ಲಗ್ ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ತಗುಲುತ್ತದೆ, ಇಗ್ನಿಷನ್ ಕಾಯಿಲ್ ಕೂಡ ಹೋಗಬಹುದು. ಥ್ರಾಟಲ್ ಪೂರ್ತಿ ತೆರೆದು, ಗೇಜ್ ಮುಳ್ಳು ಮೇಲೇರುವುದು ನಿಲ್ಲುವ ತನಕ ಸ್ಟಾರ್ಟರ್ ಒತ್ತಿ. ಎಲ್ಲ ಸಿಲಿಂಡರಿಗೂ ಅಷ್ಟೇ ಸುತ್ತು.

ಸಂಖ್ಯೆಗಿಂತ ಹೋಲಿಕೆ ಮುಖ್ಯ. ಪಿಎಸ್‌ಐ ಲೆಕ್ಕದಲ್ಲಿ 110, 112, 108 ಬಂದರೆ ಸಂತೋಷ ಪಡಿ. 130, 128, 105 ಬಂದರೆ ಚಿಂತೆ ಪಡಿ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ಅಂತರ ಇರಬಾರದು. ಸೀಮೆಎಣ್ಣೆಗೆಂದೇ ಮಾಡಿದ ಎಂಜಿನ್‌ಗಳಲ್ಲಿ ಕಂಪ್ರೆಷನ್ ಹುಟ್ಟಿನಿಂದಲೇ ಕಡಿಮೆ, ಅಂಥದ್ದಾದರೆ ಅದರ ಕೈಪಿಡಿಯ ಅಂಕಿಗೇ ಹೋಲಿಸಿ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ನಡುವಿನ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ, ಅದು ಸಣ್ಣ ಕೆಲಸ. ಒಂದೇ ಒಂದು ಕಡಿಮೆ ಎಂದರೆ ಸಾಮಾನ್ಯವಾಗಿ ಉಂಗುರ, ಪಿಸ್ಟನ್ ಅಥವಾ ಗೀರಿದ ಗೋಡೆ.

ತೆಗೆದ ಪ್ಲಗ್‌ಗಳನ್ನು ಸಾಲಾಗಿ ಜೋಡಿಸಿಡಿ. ಮಣ್ಣಿನ ಕಂದು ಬಣ್ಣ ಒಳ್ಳೆಯದು. ಒಂದು ಮಾತ್ರ ಬಿಳಿಚಿಕೊಂಡಿದ್ದರೆ ಆ ಸಿಲಿಂಡರಿಗೆ ಪೆಟ್ರೋಲ್ ಸಾಲದು. ತುಕ್ಕು ಅಥವಾ ನೀರಿನ ಮಣಿ ಇದ್ದರೆ ನೀರು ಒಳಬರುತ್ತಿದೆ. ಬೆಳ್ಳಿಯಂಥ ಸಣ್ಣ ಚುಕ್ಕೆ ಅಂಟಿದ್ದರೆ ಅದು ಪಿಸ್ಟನ್ನಿನದೇ ಅಲ್ಯೂಮಿನಿಯಂ.

ಹಾಯಿಗಂಟು:

ಗೇರೆಣ್ಣೆಯವರ ಮಾತಿಗೆ ಸ್ವಲ್ಪ ಸೇರಿಸಬೇಕು. ಟೂ ಸ್ಟ್ರೋಕ್‌ನಲ್ಲಿ ಕಂಪ್ರೆಷನ್ ಸರಿ ಬಂತೆಂದು ನಿಶ್ಚಿಂತೆ ಬೇಡ. ಗೇಜ್ ಪಿಸ್ಟನ್ನಿನ ಮೇಲ್ಗಡೆಯ ಸುದ್ದಿ ಮಾತ್ರ ಹೇಳುತ್ತದೆ. ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಶಾಫ್ಟಿನ ಸೀಲ್ ಒಣಗಿ ಗಾಳಿ ಎಳೆದುಕೊಳ್ಳುತ್ತಿದ್ದರೆ ಗೇಜ್‌ಗೆ ಅದು ತಿಳಿಯುವುದೇ ಇಲ್ಲ. ಓಡಿಸುವಾಗ ನೋಡಿ: ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೇ ತೂಗುತ್ತಿದ್ದರೆ, ಐಡಲ್ ಏರುತ್ತಾ ಇಳಿಯುತ್ತಾ ಇದ್ದರೆ ಗಾಳಿ ಸೋರಿಕೆಯ ಶಂಕೆ ಬರಲೇಬೇಕು.

ಇಂಧನದ ದಾರಿಯನ್ನು ಯಾರೂ ಹೇಳಲಿಲ್ಲ. ಪ್ರೈಮರ್ ಬಲ್ಬ್ (ಇಂಧನದ ಪೈಪಿನ ನಡುವೆ ಕೈಯಿಂದ ಹಿಂಡುವ ರಬ್ಬರ್ ಬುರುಡೆ) ಹಿಂಡಿ. ಗಟ್ಟಿಯಾಗಿ ಗಟ್ಟಿಯಾಗಿಯೇ ಉಳಿಯಬೇಕು. ಎಷ್ಟು ಹಿಂಡಿದರೂ ಮೆತ್ತಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ. ಎಂಜಿನ್ ಓಡುತ್ತಿರುವಾಗ ಬಲ್ಬ್ ತಾನೇ ಚಪ್ಪಟೆಯಾದರೆ ಟ್ಯಾಂಕಿನ ಗಾಳಿಕಂಡಿ ಅಥವಾ ಒಳಗಿನ ಹೀರುಕೊಳವೆ ಕಟ್ಟಿದೆ. ಟ್ಯಾಂಕಿನ ತಳದಿಂದ ಒಂದು ಗ್ಲಾಸಿಗೆ ಸ್ವಲ್ಪ ತೆಗೆದು ಹತ್ತು ನಿಮಿಷ ಬಿಡಿ. ನೀರು ಕೆಳಗೆ ಗೆರೆಯಾಗಿ ನಿಲ್ಲುತ್ತದೆ. ಎಣ್ಣೆ ಬೆರೆಸುವ ಎಂಜಿನ್ ಆದ್ದರಿಂದ ಯಾವ ಪ್ರಮಾಣ ಎಂದು ಮಾರುವವರನ್ನೇ ಕೇಳಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ. ಉತ್ತರ ಕೊಡಲು ತಡವರಿಸಿದರೆ ಅದೂ ಒಂದು ಮಾಹಿತಿಯೇ.

ಸತುವಿನ ಆನೋಡ್‌ಗಳು (ಎಂಜಿನ್ನಿನ ಲೋಹದ ಬದಲು ತಾವು ಕರಗುವ ತುಂಡುಗಳು) ಇವೆಯೇ, ಅರ್ಧಕ್ಕಿಂತ ಹೆಚ್ಚು ಕರಗಿವೆಯೇ ನೋಡಿ. ಅವುಗಳ ಮೇಲೂ ಬಣ್ಣ ಬಳಿದಿದ್ದರೆ ಅವು ಇದ್ದೂ ಇಲ್ಲದಂತೆ, ಆನೋಡ್ ಕರಗುವ ಬದಲು ಗೇರ್ ಬಾಕ್ಸ್ ಕರಗಿರುತ್ತದೆ. ಹೊಸ ಬಣ್ಣ ಬಳಿದ ದೋಣಿಯಲ್ಲಿ ಇದು ಬಹಳ ಸಲ ಆಗುವ ತಪ್ಪು.

ಬ್ಯಾಟರಿ ನಿಂತಾಗ 12.6 ವೋಲ್ಟ್ ಸುತ್ತ, ಎಂಜಿನ್ ವೇಗವಾಗಿ ಓಡುವಾಗ 13.8ರಿಂದ 14.4. ಏರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಸ್ಟೇಟರ್ ಅಥವಾ ರೆಕ್ಟಿಫೈಯರ್ ಕೆಟ್ಟಿದೆ. ಕಿಲ್ ಸ್ವಿಚ್ ಹಗ್ಗ ಎಳೆದು ಎಂಜಿನ್ ನಿಲ್ಲುತ್ತದೆಯೇ ಎಂದು ನೀರಿಗಿಳಿಯುವ ಮೊದಲೇ ನೋಡಿ. ಇದನ್ನು ಬಿಟ್ಟು ಯಾರೂ ದೋಣಿ ಓಡಿಸಬಾರದು.

ಅಲೆಲೆಕ್ಕ:

ನೀರಿನಲ್ಲಿ ಓಡಿಸುವ ಬಗ್ಗೆ. ಕನಿಷ್ಠ ಅರ್ಧ ಗಂಟೆ ಬೇಕು. ಹತ್ತು ನಿಮಿಷದಲ್ಲಿ ಬಿಸಿಯ ತೊಂದರೆ ಹೊರಬರುವುದಿಲ್ಲ. ನೀರು ಉಗುಳುವ ಧಾರೆ ಐಡಲ್‌ನಲ್ಲೂ ಕಡಿಯದೆ ಬರಬೇಕು. ಥರ್ಮೋಸ್ಟಾಟ್ ಉಪ್ಪು ಕಟ್ಟಿ ಮುಚ್ಚಿಕೊಂಡಿದ್ದರೂ ಕೆಲವು ಎಂಜಿನ್‌ಗಳಲ್ಲಿ ಧಾರೆ ಚೆನ್ನಾಗಿಯೇ ಬರುತ್ತದೆ, ಅದನ್ನೊಂದೇ ನಂಬಬೇಡಿ, ಹೆಡ್‌ನ ಬಿಸಿಯನ್ನು ಅತಿಗೆಂಪು ಥರ್ಮಾಮೀಟರಿನಿಂದ ಮೂರೂ ಸಿಲಿಂಡರಿನ ಮೇಲೆ ಅಳೆದು ಹೋಲಿಸಿ.

ಗೇರ್ ಪರೀಕ್ಷೆ ಭಾರ ಬಿದ್ದಾಗಲೇ ಆಗಬೇಕು. ದಡದಲ್ಲಿ "ಕಟಕ್" ಎಂದು ಚೆನ್ನಾಗಿ ಕೂತ ಗೇರ್ ನೀರಿನಲ್ಲಿ ಮುಕ್ಕಾಲು ಥ್ರಾಟಲ್‌ಗೆ ಜಾರಿ ಹಾರಬಹುದು. ಕ್ಲಚ್ ಡಾಗ್‌ನ (ಗೇರನ್ನು ಶಾಫ್ಟಿಗೆ ಕಚ್ಚಿಸುವ ಹಲ್ಲಿನ ತುಂಡು) ಅಂಚು ಸವೆದು ದುಂಡಗಾದರೆ ಹೀಗೆ. ಮೆಲ್ಲಗೆ ಮೆಲ್ಲಗೆ ಗೇರ್ ಹಾಕುವ ಅಭ್ಯಾಸದಿಂದಲೇ ಇದು ಸವೆಯುವುದು.

ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ ಬರಬೇಕೆಂದು ಕೈಪಿಡಿಯಲ್ಲಿ ಇರುತ್ತದೆ, ನಿಮ್ಮಂಥ ಎಂಜಿನ್‌ಗೆ ಸಾಮಾನ್ಯವಾಗಿ 5000 ಸುತ್ತಮುತ್ತಲಿನಿಂದ ಮೇಲೆ. ಅದರ ಜೊತೆ ಮೊಬೈಲಿನ ಜಿಪಿಎಸ್ ವೇಗ ಬರೆದುಕೊಳ್ಳಿ. ಲೆಕ್ಕ ಹೀಗೆ: ಆರ್‌ಪಿಎಂ ಗುಣಿಸು ಪ್ರೊಪೆಲ್ಲರ್ ಪಿಚ್ (ಜಾರದೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ) ಇಂಚುಗಳಲ್ಲಿ ಗುಣಿಸು 0.001524, ಅದನ್ನು ಗೇರ್ ಅನುಪಾತದಿಂದ ಭಾಗಿಸಿದರೆ ಜಾರಿಕೆಯೇ ಇಲ್ಲದಿದ್ದರೆ ಬರುವ ವೇಗ, ಗಂಟೆಗೆ ಕಿಲೋಮೀಟರಿನಲ್ಲಿ. 5200 ಆರ್‌ಪಿಎಂ, 11 ಪಿಚ್, ಅನುಪಾತ 2 ಆದರೆ 43.6. ನಿಜವಾದ ವೇಗ 35 ಬಂದರೆ ಜಾರಿಕೆ ಶೇಕಡಾ 20, ಕೆಲಸದ ದೋಣಿಗೆ ಒಪ್ಪಬಹುದು. ಆರ್‌ಪಿಎಂ ಮೇಲೆ ಹೋಗಿ ವೇಗ ಬಾರದಿದ್ದರೆ ಪ್ರೊಪೆಲ್ಲರಿನ ನಡುವೆ ಶಾಫ್ಟ್ ಹಿಡಿಯುವ ರಬ್ಬರ್ ಹಬ್ ಜಾರುತ್ತಿರಬಹುದು. ಹಬ್ ಮತ್ತು ಪ್ರೊಪೆಲ್ಲರ್ ಮೇಲೆ ಒಂದೇ ನೇರಕ್ಕೆ ಬಣ್ಣದ ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ಎರಡಾಗಿದ್ದರೆ ಹಬ್ ಹೋಗಿದೆ.

ದಡಕ್ಕೆ ಬಂದ ಮೇಲೆ ನೀರು ಬಿಡುವ ಬಿರಡೆ ತೆಗೆದು, ಬಂದ ನೀರನ್ನು ಬಕೆಟ್‌ನಲ್ಲಿ ಅಳೆಯಿರಿ. ಹೊರಡುವ ಮೊದಲು ತಳ ಒಣಗಿತ್ತು ಎಂಬುದನ್ನು ಖಚಿತ ಮಾಡಿಕೊಂಡಿರಬೇಕು.

ನೀರಂಚು:

ಎಲ್ಲರಿಗೂ ಧನ್ಯವಾದ. ನೋಡಿ ಬಂದೆ. ಅಂಕಿಗಳು ಹೀಗಿವೆ.

ಎಂಜಿನ್ ತಣ್ಣಗಿತ್ತು, ಚೋಕ್ ಹಾಕಿ ನಾಲ್ಕನೇ ಸಲಕ್ಕೆ ಎದ್ದಿತು. ಕಂಪ್ರೆಷನ್ ಮೇಲಿನಿಂದ ಕೆಳಕ್ಕೆ 118, 120, 92. ಕೆಳಗಿನ ಪ್ಲಗ್ ಉಳಿದೆರಡಕ್ಕಿಂತ ಬಿಳಿ. ಹೆಡ್ ಬೋಲ್ಟ್‌ಗಳ ಬಣ್ಣ ಒಂದರಲ್ಲೂ ಮುರಿದಿಲ್ಲ. ಗೇರ್ ಎಣ್ಣೆ ಕಪ್ಪಗಿದೆ, ನೀರಿಲ್ಲ, ಚೂರಿಲ್ಲ. ಸ್ಕೆಗ್ ಪೂರ್ತಿ ಇದೆ. ಆನೋಡ್ ಮೇಲೆ ಬಣ್ಣ ಬಳಿದಿದ್ದಾರೆ.

ಟ್ರಾನ್ಸಮ್ ತಟ್ಟಿದಾಗ ನೀರು ಬಿಡುವ ತೂತಿನ ಎಡಕ್ಕೆ ಒಂದು ಗೇಣು ಅಗಲ "ದಬ್". ಫಿಶ್‌ಫೈಂಡರಿನ ಸ್ಕ್ರೂ ಹಿಡಿತವಿಲ್ಲದೆ ತಿರುಗಿತು, ಬಿಚ್ಚಿದಾಗ ಕಂದು ನೀರು ತೊಟ್ಟಿಕ್ಕಿತು. ಮೇಲಂಚು ಬಾಗಲಿಲ್ಲ. ಮೀನು ಪೆಟ್ಟಿಗೆಯ ಹಿಂದೆ ನೆಲ ಮೆತ್ತಗಿದೆ.

ಇಬ್ಬರು ಕೂತು ಪೂರ್ತಿ ಥ್ರಾಟಲ್‌ಗೆ 4600 ಆರ್‌ಪಿಎಂ, ಗಂಟೆಗೆ 27 ಕಿಮೀ. ಪಿಚ್ 11, ಅನುಪಾತ 2. ಬಣ್ಣದ ಗೆರೆ ನೇರವಾಗಿಯೇ ಇತ್ತು. ನಲವತ್ತು ನಿಮಿಷ ಓಡಿಸಿ ಬಂದ ಮೇಲೆ ತಳದಿಂದ ಆರು ಲೀಟರ್ ನೀರು.

ಕೆಳಗಿನ ಸಿಲಿಂಡರಿನ ರಿಪೇರಿ ಖರ್ಚು ಬೆಲೆಯಿಂದ ಕಳೆಯಲು ಒಪ್ಪಿದ್ದಾರೆ. ತೆಗೆದುಕೊಳ್ಳಬಹುದೇ?

ಗೇರೆಣ್ಣೆ:

ಮೊದಲನೆಯದು, ಬಣ್ಣ ಮುರಿಯದ ಬೋಲ್ಟ್ ಎಂದರೆ ಓವರ್‌ಹಾಲ್ ಆಗಿಲ್ಲ. ಅದನ್ನು ನೇರವಾಗಿ ಹೇಳಿ.

120ಕ್ಕೆ 92 ಅಂದರೆ ಶೇಕಡಾ 23 ಕಡಿಮೆ. ಬಿಳಿ ಪ್ಲಗ್ ಕೂಡ ಅದೇ ಸಿಲಿಂಡರಿನಲ್ಲಿ ಇರುವುದರಿಂದ ಕಾರಣ ಊಹಿಸುವುದು ಕಷ್ಟವಲ್ಲ. ಮೂರು ಸಿಲಿಂಡರಿಗೆ ಮೂರು ಕಾರ್ಬುರೇಟರ್ ಇರುವ ಎಂಜಿನ್ ಆದರೆ ಕೆಳಗಿನದರ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತು) ಕಸ ಕಟ್ಟಿರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದಾಗ ಎಣ್ಣೆಯೂ ಕಡಿಮೆಯಾಗಿ, ಬಿಸಿಯೂ ಏರಿ, ಪಿಸ್ಟನ್ ಗೋಡೆಗೆ ಉಜ್ಜುತ್ತದೆ. ಇದನ್ನು ಅರಿಯದೆ ಪಿಸ್ಟನ್ ಮಾತ್ರ ಬದಲಿಸಿದರೆ ಹೊಸ ಪಿಸ್ಟನ್ನಿಗೂ ಅದೇ ಗತಿ. ಮೂರೂ ಕಾರ್ಬುರೇಟರ್ ಬಿಚ್ಚಿ ತೊಳೆಯಬೇಕು, ಫ್ಯೂಯಲ್ ಪಂಪಿನ ಡಯಾಫ್ರಮ್, ಫಿಲ್ಟರ್, ಇಂಧನದ ಪೈಪ್ ಬದಲಿಸಬೇಕು, ಸಿಲಿಂಡರ್ ಗೀರಿದ್ದರೆ ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಬೇಕು. ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರೆ ಉದ್ದುದ್ದ ಗೀರುಗಳು ಈಗಲೇ ಕಾಣುತ್ತವೆ. ಒಂದು ಸಿಲಿಂಡರಿನ ಖರ್ಚು ಕಳೆದರೆ ಸಾಲದು, ಎಂಜಿನ್ ಪೂರ್ತಿ ಬಿಚ್ಚುವ ಖರ್ಚು ಕಳೆಯಬೇಕು. ಗೇರ್ ಬಾಕ್ಸ್ ಚೆನ್ನಾಗಿರುವುದು ನಿಮ್ಮ ಅದೃಷ್ಟ, ಅದಕ್ಕೆ ಬೆಲೆಯಿದೆ.

ಅಲೆಲೆಕ್ಕ:

4600ಕ್ಕೆ ಲೆಕ್ಕದ ವೇಗ 38.6, ಬಂದದ್ದು 27, ಅಂದರೆ ಜಾರಿಕೆ ಶೇಕಡಾ 30. ಹಬ್ ಜಾರಿದ್ದರೆ ಆರ್‌ಪಿಎಂ ಮೇಲೇರಬೇಕಿತ್ತು, ಇಲ್ಲಿ ಅದೂ ಕೆಳಗೇ ಇದೆ. ಸೊರಗಿದ ಸಿಲಿಂಡರ್ ಆರ್‌ಪಿಎಂ ಇಳಿಸಿದೆ, ಆದರೆ ಜಾರಿಕೆ ಇಷ್ಟಿರುವುದು ದೋಣಿಯೇ ಭಾರವಾಗಿರುವುದರಿಂದ. ಮೆತ್ತಗಿನ ನೆಲ ಮತ್ತು ಆರು ಲೀಟರ್ ನೀರು ಅದನ್ನೇ ಹೇಳುತ್ತಿವೆ. ಎಂಜಿನ್ ಸರಿಮಾಡಿಸಿದ ಮೇಲೂ ಈ ದೋಣಿ ಹೇಳಿದ ವೇಗ ಕೊಡುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ರೆಸಿನ್‌ಕೈ:

ಮೇಲಂಚು ಬಾಗಲಿಲ್ಲ ಎಂಬುದರಿಂದ ಕೊಳೆತ ಇನ್ನೂ ಕೆಳಗಿನ ಭಾಗದಲ್ಲಿದೆ. ಆದರೆ ಪ್ಲೈವುಡ್ ಪದರಗಳ ನಡುವೆ ನೀರು ತಟ್ಟಿ ನೋಡಿದ್ದಕ್ಕಿಂತ ದೂರ ಹರಿದಿರುತ್ತದೆ. ಗೇಣು ಅಗಲ ಕತ್ತರಿಸಿ ತೇಪೆ ಹಾಕುವ ಯೋಚನೆ ಬೇಡ. ಮಾಡುವುದಾದರೆ ಪೂರ್ತಿ ಮಾಡಬೇಕು: ಎಂಜಿನ್ ಇಳಿಸಿ, ಒಳಗಿನ ಫೈಬರ್ ಪದರ ಕತ್ತರಿಸಿ ತೆಗೆದು, ಮರ ಪೂರ್ತಿ ಕೆತ್ತಿ, ಹೊರಪದರವನ್ನು ಉಜ್ಜಿ ಒಣಗಿಸಿ, 18 ಮಿಮೀ ಮರೀನ್ ಪ್ಲೈವುಡ್ ಎರಡು ಪದರ ಎಪಾಕ್ಸಿಯಲ್ಲಿ ಅಂಟಿಸಿ ಕ್ಲ್ಯಾಂಪ್ ಬಿಗಿಯಬೇಕು. ಮೇಲೆ ಮ್ಯಾಟ್ ಮತ್ತು ನೇಯ್ದ ರೋವಿಂಗ್ (ದಪ್ಪ ಫೈಬರ್ ಬಟ್ಟೆ) ಹಾಕುವಾಗ ಬದಿಗೂ ತಳಕ್ಕೂ ಕನಿಷ್ಠ ಆರು ಇಂಚು ಹತ್ತಿಸಬೇಕು, ಇಲ್ಲದಿದ್ದರೆ ಗೋಡೆ ಗಟ್ಟಿ ಇದ್ದರೂ ಮೂಲೆ ಬಿಡುತ್ತದೆ. ಹಳೆಯ ಫೈಬರಿಗೆ ಪಾಲಿಯೆಸ್ಟರ್ ರೆಸಿನ್ ಎಪಾಕ್ಸಿಯಷ್ಟು ಕಚ್ಚುವುದಿಲ್ಲ, ಅಲ್ಲಿ ಉಳಿತಾಯ ಮಾಡಬೇಡಿ. ಬೋಲ್ಟ್ ತೂತುಗಳನ್ನು ಮೊದಲು ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಆರಿದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಕೊರೆಯಿರಿ. ಆಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ.

ಇದರ ಜೊತೆಗೆ ಮೀನು ಪೆಟ್ಟಿಗೆಯ ಹಿಂದಿನ ನೆಲ ಎತ್ತಿ ನೆನೆದ ಫೋಮ್ ತೆಗೆಯಬೇಕು, ಕೆಳಗಿನ ಸ್ಟ್ರಿಂಗರ್‌ಗಳಲ್ಲಿ (ತಳದುದ್ದಕ್ಕೂ ಇರುವ ಆಧಾರದ ಪಟ್ಟಿಗಳು) ಮರ ಇದ್ದರೆ ಅದನ್ನೂ ನೋಡಬೇಕು. ನನ್ನ ಅಭಿಪ್ರಾಯದಲ್ಲಿ ಈ ದೋಣಿಯನ್ನು ಖಾಲಿ ಒಡಲಿನ ಬೆಲೆ ಮತ್ತು ಗೇರ್ ಬಾಕ್ಸಿನ ಬೆಲೆಗೆ ಕೊಟ್ಟರೆ, ಕೆಲಸ ನೀವೇ ಮಾಡಿಕೊಳ್ಳುವವರಾದರೆ ತೆಗೆದುಕೊಳ್ಳಿ. ಬರುವ ಋತುವಿಗೆ ನೀರಿಗಿಳಿಸಿ ದುಡಿಯಬೇಕು ಎಂದಿದ್ದರೆ ಬೇಡ.

ಹಾಯಿಗಂಟು:

ಆ ಬೆಲೆಗೆ ಇಳಿದರೆ ಇನ್ನೊಂದು ಕೆಲಸ ಬಾಕಿ. ಎಂಜಿನ್ ಸಂಖ್ಯೆ ಬ್ರಾಕೆಟ್ಟಿನ ತಗಡಿನ ಮೇಲೆ ಇರುತ್ತದೆ, ಹಲವು ಎಂಜಿನ್‌ಗಳಲ್ಲಿ ಸಿಲಿಂಡರ್ ಬ್ಲಾಕಿನ ದುಂಡನೆಯ ಲೋಹದ ಬಿಲ್ಲೆಯ ಮೇಲೂ ಒತ್ತಿರುತ್ತಾರೆ. ಎರಡೂ ಒಂದೇ ಇರಬೇಕು, ಕಾಗದದಲ್ಲಿರುವುದಕ್ಕೂ ಹೊಂದಬೇಕು. ತಗಡಿನ ರಿವೆಟ್ ಬದಲಾಗಿದ್ದರೆ, ಬಿಲ್ಲೆ ಉಜ್ಜಿದ್ದರೆ, ತಗಡು ಇರಬೇಕಾದ ಜಾಗದಲ್ಲಿ ಹೊಸ ಬಣ್ಣ ಮಾತ್ರ ಇದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಒಡಲಿನ ಗುರುತು ಸಂಖ್ಯೆಯನ್ನು ಸಾಮಾನ್ಯವಾಗಿ ಟ್ರಾನ್ಸಮ್ಮಿನ ಬಲಬದಿ ಮೇಲ್ಗಡೆ ಅಚ್ಚೊತ್ತಿರುತ್ತಾರೆ. ಅದನ್ನು ಈಗಲೇ ಫೋಟೊ ತೆಗೆದಿಟ್ಟುಕೊಳ್ಳಿ, ಟ್ರಾನ್ಸಮ್ ಕೆಲಸವನ್ನು ಒಳಗಿನಿಂದಲೇ ಮಾಡಿಸಿ. ಹೊರಪದರ ಕತ್ತರಿಸಿದರೆ ಆ ಸಂಖ್ಯೆಯೂ ಹೋಗುತ್ತದೆ, ಮುಂದೆ ಹೆಸರು ವರ್ಗಾವಣೆಗೆ ತೊಂದರೆ.